ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಏನು ಮಾಡ್ತೀರಿ?

ದಾವಣಗೆರೆಯಲ್ಲಿ ಯಾವ ಮದುವೆಗೆ ಹೋಗಲಿ, ನಾನು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೀನಿ ಅಂತ ಗೊತ್ತಾದ ಕೂಡಲೇ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಎರಡು ಪ್ರಶ್ನೆ ಕೇಳುತ್ತಾರೆ. ಒಂದು ಸಂಬಳದ್ದು. ಅದಕ್ಕೆ ನಕ್ಕು ಸುಮ್ಮನಾಗುತ್ತೇನೆ. ಇನ್ನೊಂದು, "ಅಲ್ಲಮ್ಮಾ, ಬೆಳಗ್ಗಿಂದ ರಾತ್ರಿ ತನಕ ಆ ಕಂಪ್ಯೂಟರ್ ಮುಂದೆ ಕೂತು ಏನು ಮಾಡ್ತೀರಿ?" ಕೇಳುವವರಲ್ಲಿ ಹೆಚ್ಚಿನವರು ಮಗನನ್ನೋ ಮಗಳನ್ನೋ ಇಲ್ಲಿನ ಬಿಐಇಟಿ, ಯುಬಿಡಿಟಿ ಥರದ ಎಂಜಿನಿಯರಿಂಗ್ ಕಾಲೇಜಿಗೆ ಸೇರಿಸಿರುತ್ತಾರೆ, ಇಲ್ಲಾ ಸೇರಿಸುವ ಯೋಚನೆಯಲ್ಲಿರುತ್ತಾರೆ. ಹೊತ್ತು ಹೋಗಲಿ ಅಂತ ಕೇಳುವ ಪ್ರಶ್ನೆ ಅಲ್ಲ ಅದು. ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸೋಕಾಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂದೇ ಮಾತಲ್ಲಿ ಹೇಳಬೇಕು ಅಂದರೆ, ಓದುತ್ತೇವೆ. ಬೇರೆಯವರು ಬರೆದಿಟ್ಟು ಹೋದ ಕೋಡನ್ನು, ಅಂದರೆ ಕಂಪ್ಯೂಟರ್ ಏನು ಮಾಡಬೇಕು ಅಂತ ಸಾಲು ಸಾಲಾಗಿ ಬರೆದ ಸೂಚನೆಗಳನ್ನು, ಓದುತ್ತೇವೆ.

ನಮ್ಮ ದೊಡ್ಡಪ್ಪನಿಗೆ ಈ ಉತ್ತರ ಹಿಡಿಸಲ್ಲ. ಅವರು ಕಾಟನ್ ಮಿಲ್ಲಿನಲ್ಲಿ ದುಡಿದವರು, ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ. ಶಿಫ್ಟ್ ಮುಗಿದಾಗ ಎಷ್ಟು ನೂಲು ಇಳಿಯಿತು ಅನ್ನೋ ಲೆಕ್ಕ ಕಣ್ಣೆದುರಿಗೇ ಇರುತ್ತಿತ್ತು. ನನ್ನನ್ನೂ ಅದೇ ಲೆಕ್ಕ ಕೇಳುತ್ತಾರೆ: "ಏನವ್ವಾ, ಇವತ್ತು ಎಷ್ಟು ಲೈನ್ ಬರೆದೆ?" ನಮ್ಮಲ್ಲಿ ಆ ಲೆಕ್ಕ ನಡೆಯಲ್ಲ ದೊಡ್ಡಪ್ಪ. ಕೆಲವು ದಿನ ನೂರಾರು ಸಾಲು ಅಳಿಸಿ ಹಾಕಿದ್ದಕ್ಕೆ ಶಹಬ್ಬಾಸ್ ಸಿಗುತ್ತೆ. ಕೆಲವು ದಿನ ಒಂದು ಸಾಲೂ ಬರೆಯದೆ ಸುಸ್ತಾಗಿ ಏಳುತ್ತೇವೆ.

ಒಂದು ಕೆಲಸವನ್ನು ಹತ್ತಿರದಿಂದ ತೋರಿಸ್ತೀನಿ. ನಮ್ಮ ತಂಡ ಅಮೆರಿಕದ ಕ್ಲಿನಿಕ್‌ಗಳ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಡಾಕ್ಟರನ್ನು ನೋಡುವ ಸಮಯಕ್ಕೆ ಒಂದು ಗಂಟೆ ಮುಂಚೆ ಪೇಷಂಟಿನ ಮೊಬೈಲಿಗೆ ಮೆಸೇಜ್ ಹೋಗಬೇಕು. ನವೆಂಬರಿನ ಒಂದು ಸೋಮವಾರ ದೂರು ಬಂತು. ನ್ಯೂಯಾರ್ಕ್ ಕಡೆಯ ಕ್ಲಿನಿಕ್‌ಗಳಲ್ಲಿ ಮೆಸೇಜ್ ಎರಡು ಗಂಟೆ ಮುಂಚೆಯೇ ಹೋಗುತ್ತಿದೆಯಂತೆ. ಶುಕ್ರವಾರದ ತನಕ ಸರಿಯಾಗಿತ್ತು. ಮಧ್ಯೆ ನಾವು ಯಾರೂ ಏನನ್ನೂ ಮುಟ್ಟಿರಲಿಲ್ಲ.

ನಮ್ಮ ದೇಶದಲ್ಲಿ ಗಡಿಯಾರ ವರ್ಷವಿಡೀ ಒಂದೇ ಥರ ಓಡುತ್ತೆ. ಅಮೆರಿಕದ ಬಹುಪಾಲು ಕಡೆ ಹಾಗಲ್ಲ. ಮಾರ್ಚ್ ಎರಡನೇ ಭಾನುವಾರ ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ತರುತ್ತಾರೆ. ಜಗತ್ತಿಗೆಲ್ಲ ಲೆಕ್ಕಕ್ಕೆ ಅಂತ ಯುಟಿಸಿ ಅನ್ನೋ ಸಮಯ ಇದೆ. ಅದಕ್ಕಿಂತ ನಾವು ಐದೂವರೆ ಗಂಟೆ ಮುಂದೆ. ನ್ಯೂಯಾರ್ಕ್ ಬೇಸಿಗೆಯಲ್ಲಿ ನಾಲ್ಕು ಗಂಟೆ ಹಿಂದೆ, ಚಳಿಗಾಲದಲ್ಲಿ ಐದು ಗಂಟೆ ಹಿಂದೆ. ನಮ್ಮ ಕೋಡಿನಲ್ಲಿ ಯಾರೋ ನೇರವಾಗಿ 4 ಅಂತ ಬರೆದುಬಿಟ್ಟಿದ್ದರು. ಅಲ್ಲಿನ ಗಡಿಯಾರ ಹಿಂದಕ್ಕೆ ಬಂದ ಮೇಲೂ ಅದು 4 ಅಂತಲೇ ಲೆಕ್ಕ ಹಾಕಿದ್ದಕ್ಕೆ ಮೆಸೇಜ್ ಒಂದು ಗಂಟೆ ಬೇಗ ಹೋಗುತ್ತಿತ್ತು.

ಇದು ಗೊತ್ತಾಗಿದ್ದು ಮಧ್ಯಾಹ್ನ ಊಟ ಆದಮೇಲೆ. ಬೆಳಗಿನ ಹೊತ್ತೆಲ್ಲ ಹೋಗಿದ್ದು ಆ 4 ಎಲ್ಲಿ ಅಡಗಿದೆ ಅಂತ ಹುಡುಕೋದರಲ್ಲಿ. ಮೆಸೇಜ್ ಕಳಿಸುವ ಕೋಡ್ ಓದಿದೆ, ಅಲ್ಲಿರಲಿಲ್ಲ. ಅದಕ್ಕೆ ಸಮಯ ಕೊಡುವ ಕೋಡ್ ಓದಿದೆ, ಅಲ್ಲೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಅಪಾಯಿಂಟ್‌ಮೆಂಟ್ ಸೇವ್ ಆಗುವ ಜಾಗದಲ್ಲಿ. ಗಿಟ್ ಅಂತ ಒಂದು ಸಾಧನ ಇದೆ, ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಮಾಡಿದ್ದು. ಯಾವ ಸಾಲನ್ನು ಯಾರು, ಯಾವತ್ತು ಬರೆದರು ಅಂತ ಅದು ತೋರಿಸುತ್ತೆ. ನಮ್ಮ 4 ಇದ್ದ ಸಾಲು, ದೂರು ಬಂದ ವರ್ಷದ್ದೇ ಮೇ ತಿಂಗಳದ್ದು. ಬರೆದವರು ಕೆಲಸ ಬಿಟ್ಟು ಹೋಗಿಯಾಗಿತ್ತು. ಅವರನ್ನು ಬೈಯುವ ಹಾಗೂ ಇಲ್ಲ. ಮೇ ತಿಂಗಳಲ್ಲಿ 4 ಸರಿಯೇ. ಪರೀಕ್ಷೆ ಮಾಡಿದವರಿಗೂ ಸರಿಯಾಗಿಯೇ ಕಂಡಿದೆ.

ಇನ್ನೇನು, ನವೆಂಬರ್ ಬಂದರೆ 5 ಅಂತ ಬರೆದರೆ ಆಯ್ತಲ್ಲ ಅಂತೀರಿ. ಆಗಲ್ಲ. ಅರಿಜೋನಾ ರಾಜ್ಯದ ಬಹುಪಾಲು ಜನ ಗಡಿಯಾರ ಮುಟ್ಟುವುದೇ ಇಲ್ಲ. ಅದಕ್ಕೇ ಅಂಕಿ ಬರೆಯದೆ ಊರಿನ ಹೆಸರು ಕೊಡಬೇಕು. ಯಾವ ಪ್ರದೇಶದಲ್ಲಿ ಯಾವ ದಿನ ಎಷ್ಟು ಗಂಟೆ ವ್ಯತ್ಯಾಸ ಅಂತ ಒಂದು ದೊಡ್ಡ ಪಟ್ಟಿ ಇದೆ, ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರುಗಳೂ ಅದನ್ನೇ ನೋಡಿಕೊಳ್ಳುತ್ತವೆ. ತಿದ್ದಿದ್ದು ಎರಡೇ ಸಾಲು.

ಅಲ್ಲಿಗೂ ಮುಗಿಯಲಿಲ್ಲ. ಮುಂದಿನ ವಾರಗಳ ಅಪಾಯಿಂಟ್‌ಮೆಂಟ್‌ಗಳು ಆಗಲೇ ತಪ್ಪು ಸಮಯದೊಂದಿಗೆ ಡೇಟಾಬೇಸಿನಲ್ಲಿ ಕೂತಿದ್ದವು. ಅವನ್ನೆಲ್ಲ ಒಂದು ಗಂಟೆ ಸರಿಸಲು ಸ್ಕ್ರಿಪ್ಟ್ ಅನ್ನೋ ಪುಟ್ಟ ಪ್ರೋಗ್ರಾಂ ಬರೆದು ರಿವ್ಯೂಗೆ ಕಳಿಸಿದೆ. ನಮ್ಮಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪದೆ ಏನೂ ಒಳಗೆ ಹೋಗಲ್ಲ. ಸೀನಿಯರ್ ಒಬ್ಬರು ಒಂದೇ ಪ್ರಶ್ನೆ ಬರೆದು ವಾಪಸ್ ಕಳಿಸಿದರು: "ಇದನ್ನು ಅಪ್ಪಿತಪ್ಪಿ ಎರಡು ಸಲ ಓಡಿಸಿದರೆ?" ಎರಡು ಸಲ ಓಡಿದರೆ ಎರಡು ಗಂಟೆ ಸರಿಯುತ್ತೆ. ಸರಿಸಿದ್ದಕ್ಕೆ ಗುರುತು ಹಾಕಿ, ಗುರುತು ಇದ್ದದ್ದನ್ನು ಮುಟ್ಟಬೇಡ ಅಂತ ಸೇರಿಸಿದೆ. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾಗೋದು ಇಂಥ ಪ್ರಶ್ನೆ ಕೇಳುವ ಜನ. ಕೀಬೋರ್ಡ್ ಮೇಲೆ ಬೆರಳು ಜೋರಾಗಿ ಓಡಿಸುವವರಲ್ಲ.

ಅದೇ ಗಡಿಯಾರ ನಮ್ಮ ಮನೆಗೂ ಬರುತ್ತೆ. ನ್ಯೂಯಾರ್ಕಿನವರ ಬೆಳಗಿನ ಹತ್ತು ಗಂಟೆಯ ಮೀಟಿಂಗ್ ನಮಗೆ ಬೇಸಿಗೆಯಲ್ಲಿ ರಾತ್ರಿ ಏಳೂವರೆ, ನವೆಂಬರಿನಿಂದ ಎಂಟೂವರೆ. ನಮ್ಮಮ್ಮ ರೊಟ್ಟಿ ತಟ್ಟುವ ಹೊತ್ತನ್ನು ಅದಕ್ಕೆ ತಕ್ಕ ಹಾಗೆ ಹೊಂದಿಸಿಕೊಂಡಿದ್ದಾರೆ. ಅಮೆರಿಕದಲ್ಲಿ ಗಡಿಯಾರ ಯಾವಾಗ ತಿರುಗುತ್ತೆ ಅಂತ ಅವರಿಗೆ ನನಗಿಂತ ಚೆನ್ನಾಗಿ ನೆನಪಿರುತ್ತೆ.

ಮೀಟಿಂಗ್ ವಿಷಯಕ್ಕೆ ಬಂದರೆ, ಬೆಳಗ್ಗೆ ಸ್ಟ್ಯಾಂಡಪ್ ಅಂತ ಒಂದಿರುತ್ತೆ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ, ಇಷ್ಟೇ ಹೇಳಬೇಕು. ಎರಡು ವಾರಕ್ಕೊಮ್ಮೆ ಕೆಲಸ ಹಂಚಿಕೊಳ್ಳುವ ಮೀಟಿಂಗ್, ಮುಗಿದಾಗ ಇನ್ನೊಂದು. ಇದನ್ನೆಲ್ಲ ಅಜೈಲ್ ಅಂತಾರೆ. 2001ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ 17 ಜನ ಸೇರಿ ಬರೆದ ಒಂದು ಪುಟ್ಟ ಹೇಳಿಕೆಯಿಂದ ಈ ಹೆಸರು ಬಂತು. ವಿಧಿವಿಧಾನಕ್ಕಿಂತ ಮನುಷ್ಯರು ಮುಖ್ಯ ಅನ್ನುವ ಅರ್ಥದ ಮಾತು ಅದರಲ್ಲಿ ಮೊದಲೇ ಬರುತ್ತೆ. ಈಗ ಅದರ ಹೆಸರಲ್ಲೇ ವಿಧಿವಿಧಾನ ಜಾಸ್ತಿ ಆಗಿದೆ, ಬಿಡಿ.

ಸಂಬಳಕ್ಕೆ ನಕ್ಕು ಸುಮ್ಮನಾಗ್ತೀನಿ ಅಂದೆನಲ್ಲ, ಹೊಸದಾಗಿ ಸೇರುವವರದ್ದು ಮಾತ್ರ ಹೇಳಿಬಿಡುತ್ತೇನೆ. ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಮಾಮೂಲಿ ಫ್ರೆಶರ್ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅದು ಹೇಳಿಕೊಳ್ಳುವಷ್ಟು ಏರಿಲ್ಲ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಅಲ್ಲೇ ನಿಂತಿಲ್ಲ. ಆಫರ್ ಲೆಟರ್‌ನಲ್ಲಿ ಸಿಟಿಸಿ ಅಂತ ಇರುವ ಅಂಕಿಯಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಬಂದರೆ ಬರುವ ವೇರಿಯಬಲ್ ಎಲ್ಲಾ ಸೇರಿರುತ್ತೆ. ಕೈಗೆ ಬರೋದೇ ಬೇರೆ. ಸೇರಿದ ಮೇಲೆ ಪ್ರಾಜೆಕ್ಟ್ ಸಿಗದೆ ಬೆಂಚಿನ ಮೇಲೆ ಕೂರುವುದೂ ಉಂಟು. ಸಂಬಳ ಬರುತ್ತೆ, ಜೊತೆಗೆ ಭಯವೂ ಬರುತ್ತೆ. ಬೀಗರ ಹತ್ತಿರ ಹೇಳಿಕೊಳ್ಳುವ ಮುಂಚೆ ಇಷ್ಟು ಗೊತ್ತಿರಲಿ.

ಈಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಎಐ ಬಂತಲ್ಲ, ನಿಮ್ಮ ಕೆಲಸ ಹೋಗುತ್ತಾ?" ಎಐ ಕೋಡ್ ಬರೆಯುತ್ತೆ, ನಾವೂ ದಿನಾ ಬಳಸುತ್ತೇವೆ. ಅದು ಬರೆದದ್ದು ನೋಡೋಕೆ ಬಹಳ ನೀಟಾಗಿರುತ್ತೆ, ಅದೇ ತೊಂದರೆ. ಮೇ ತಿಂಗಳಲ್ಲಿ 4 ಅಂತ ಬರೆದವರ ಕೋಡೂ ನೀಟಾಗಿಯೇ ಇತ್ತು. ಬರೆಯುವ ಹೊತ್ತು ಕಡಿಮೆಯಾಗಿದೆ, ಓದಿ ಅನುಮಾನಪಡುವ ಹೊತ್ತು ಜಾಸ್ತಿಯಾಗಿದೆ. ಬರೀ ಬರೆಯೋದನ್ನೇ ಕಲಿತು ಬಂದ ಹುಡುಗರಿಗೆ ಕಷ್ಟ ಆಗ್ತಿರೋದು ನಿಜ. ಅದಕ್ಕೇ ಮಗಳಿಗೆ ಯಾವ ಕೋರ್ಸ್ ಕೊಡಿಸಲಿ ಅಂತ ಕೇಳಿದವರಿಗೆ ನಾನು ಕೋರ್ಸಿನ ಹೆಸರು ಹೇಳಲ್ಲ. ಯಾರೋ ಬರೆದ, ಬಿಟ್ಟಿಯಾಗಿ ಸಿಗುವ ಓಪನ್ ಸೋರ್ಸ್ ಕೋಡ್ ಒಂದನ್ನು ಇಳಿಸಿಕೊಂಡು, ಅದರಲ್ಲಿ ಒಂದು ಸಣ್ಣ ದೋಷ ಹುಡುಕಿ ತಿದ್ದಲಿ ಅಂತೀನಿ. ಒಂದು ವಾರ ಬೇಜಾರಿಲ್ಲದೆ ಅದರಲ್ಲಿ ಮುಳುಗಿದ್ದರೆ ಈ ಕೆಲಸ ಅವಳಿಗೆ ಒಗ್ಗುತ್ತೆ. ತಲೆನೋವು ಅಂತ ಎದ್ದು ಹೋದರೆ ಅದೂ ಒಳ್ಳೇದೇ, ನಾಲ್ಕು ವರ್ಷದ ಫೀಸು ಕಟ್ಟುವ ಮುಂಚೆ ಗೊತ್ತಾಯಿತಲ್ಲ.

ಇನ್ನು ಊರಲ್ಲೇ ಕೂತು ಮಾಡಬಹುದಾ ಅನ್ನೋದು. ಸ್ವಲ್ಪ ಮಟ್ಟಿಗೆ ಮಾಡಬಹುದು. ನಮ್ಮೂರಿಗೂ ಎಸ್‌ಟಿಪಿಐ, ಅಂದರೆ ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಪಾರ್ಕ್ ಸಂಸ್ಥೆಯ ಕೇಂದ್ರ ಬಂದಿದೆ, ಸಣ್ಣಪುಟ್ಟ ಕಂಪನಿಗಳೂ ಇವೆ. ಆದರೆ ಹೆಚ್ಚಿನ ಕೆಲಸ ಈಗಲೂ ಬೆಂಗಳೂರಿನದೇ. ಕೊರೊನಾ ಹೊತ್ತಲ್ಲಿ ಲ್ಯಾಪ್‌ಟಾಪ್ ಹಿಡಿದು ನಮ್ಮೂರಿನ ವಿದ್ಯಾನಗರಕ್ಕೂ ಎಂಸಿಸಿ ಬ್ಲಾಕಿಗೂ ವಾಪಸ್ ಬಂದವರಲ್ಲಿ ಎಷ್ಟೋ ಜನರನ್ನು ಕಂಪನಿಗಳು ಮತ್ತೆ ಕರೆಸಿಕೊಂಡವು. ನನ್ನದು ಅರ್ಧಂಬರ್ಧ, ಕೆಲವು ದಿನ ಅಲ್ಲಿ, ಉಳಿದ ದಿನ ಇಲ್ಲಿ. ಸುಮಾರು 260 ಕಿಲೋಮೀಟರ್ ದೂರ. 2023ರ ಜೂನ್‌ನಿಂದ ಧಾರವಾಡದ ವಂದೇ ಭಾರತ್ ಇಲ್ಲಿ ನಿಲ್ಲುತ್ತೆ, ಆದರೆ ಬೆಳಗ್ಗೆ ಅದು ಬೆಂಗಳೂರಿನಿಂದ ಈ ಕಡೆ ಬರುತ್ತೆ, ಮಧ್ಯಾಹ್ನದ ಮೇಲೆ ಆ ಕಡೆ ಹೋಗುತ್ತೆ. ಬೆಳಗಿನ ಸ್ಟ್ಯಾಂಡಪ್‌ಗೆ ಆಫೀಸಿನಲ್ಲಿ ಇರಬೇಕಾದವರಿಗೆ ರಾತ್ರಿ ಪ್ರಯಾಣವೇ ಗತಿ.