ಅವನದ್ದಿನ್ನೂ ನೊರೆ

ನಿನ್ನೆ ರಾತ್ರಿ ಬೆಲ್ಜಿಯಮ್‌ನಿಂದ ತಮ್ಮನ ವಿಡಿಯೋ ಕಾಲ್. ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಅವನಿಗೆ. ಬಿಯರಿಗೆ ಸೇರಿಸುವ ಮೊದಲು, ಹುದುಗು ಬರಿಸುವ ಯೀಸ್ಟನ್ನು ಬೆಳೆಸಿಕೊಳ್ಳಲಿಕ್ಕೆ ಲೀಟರ್ ನೀರಿಗೆ 100 ಗ್ರಾಂ ಮಾಲ್ಟ್ ಪುಡಿ ಹಾಕಿ ಕುದಿಸಿ, 20 ಡಿಗ್ರಿಗೆ ತಣಿಸಿ, ಪ್ಯಾಕೆಟಿನ ದ್ರವ ಯೀಸ್ಟ್ ಸುರಿದಿದ್ದಾನೆ. ಹೋಗುತ್ತಾ ಬರುತ್ತಾ ಬಾಟಲಿ ಅಲ್ಲಾಡಿಸುತ್ತಾನೆ, ಒಳಗೆ ಗಾಳಿ ಸೇರಬೇಕಂತೆ. "ಬಿಸಿ ಇರುವಾಗ ಹಾಕಿದ್ರೆ ಸತ್ತೇ ಹೋಗ್ತದೆ ಅಕ್ಕ" ಅಂದ. ತೊಟ್ಟಿಲ ಮಗುವಿಗೂ ಇಷ್ಟು ಉಪಚಾರ ಇಲ್ಲ.

ಈ ಮಂಗಳೂರಿನ ಸೆಕೆಯಲ್ಲಿ 20 ಡಿಗ್ರಿ ಎಲ್ಲಿಂದ ತರುವುದು ಮಾರಾಯ!

ನಾನೂ ಆಗಷ್ಟೇ ಸಾನ್ನಾಂ (ನಮ್ಮ ಕಡೆಯ ಇಡ್ಲಿಯಂಥ ತಿಂಡಿ) ಹಿಟ್ಟಿಗೆ ಶೇಂದಿ ಬೆರೆಸಿ ಮುಚ್ಚಿಟ್ಟಿದ್ದೆ. ಅದರ ಯೀಸ್ಟನ್ನು ಯಾರೂ ದುಡ್ಡು ಕೊಟ್ಟು ತಂದದ್ದಲ್ಲ. ಮರದ ಮೇಲಿನ ಮಡಕೆಯಲ್ಲೇ ಅದರ ಕೆಲಸ ಶುರುವಾಗಿರುತ್ತದೆ.

ಬೆಳಿಗ್ಗೆ ನೋಡಿದರೆ ಹಿಟ್ಟು ಮುಚ್ಚಳ ಎತ್ತಿ ಕಟ್ಟೆಗಿಳಿದಿತ್ತು. ಫೋಟೋ ಕಳಿಸಿದೆ. ಅವನದ್ದಿನ್ನೂ ಬರೀ ನೊರೆಯಂತೆ.