ಮೂರನೆಯ ಬೆಕ್ಕು

ಎರಡನೆಯ ವರ್ಷದ ತೈಲವರ್ಣದ ತರಗತಿಯಲ್ಲಿ ಹಳೆಯ ಚಿತ್ರವೊಂದನ್ನು ನಕಲು ಮಾಡಬೇಕಿತ್ತು; ನನ್ನ ಪಾಲಿಗೆ ಬಂದವನು ಸ್ಪೇನಿನ ಚಿತ್ರಕಾರ ಗೋಯಾ. ಕಾಲೇಜಿನ ಗ್ರಂಥಾಲಯದ ದಪ್ಪ ಪುಸ್ತಕವೊಂದರಲ್ಲಿ ಎಂಟು ಇಂಚು ಅಗಲ, ಹತ್ತು ಇಂಚು ಎತ್ತರದ ಮುದ್ರಿತ ಚಿತ್ರ: ಕೆಂಪು ಉಡುಪಿನ ಪುಟ್ಟ ಹುಡುಗ, ಕೈಯಲ್ಲಿ ದಾರ, ದಾರದ ತುದಿಯಲ್ಲಿ ಕಾಗೆಯ ಬಳಗಕ್ಕೆ ಸೇರಿದ ಮ್ಯಾಗ್‌ಪೈ ಹಕ್ಕಿ. ಬಲಕ್ಕೆ ಸಣ್ಣ ಹಕ್ಕಿಗಳ ಪಂಜರ, ಎಡಕ್ಕೆ ಬೆಕ್ಕುಗಳು. ಹುಡುಗ ಸ್ಪೇನಿನ ಶ್ರೀಮಂತ ಮನೆತನದ ಮಾನುಯೆಲ್ ಒಸೋರಿಯೊ. 1784ರಲ್ಲಿ ಹುಟ್ಟಿ 1792ರಲ್ಲೇ ತೀರಿಕೊಂಡ ಮಗು ಅದು ಎಂದು ಓದಿದ ಮೇಲೆ ಎರಡು ದಿನ ಅವನ ಮುಖಕ್ಕೆ ಕೈ ಹಚ್ಚಲಾಗಲಿಲ್ಲ.

ಮೂಲ ಚಿತ್ರ 127 ಸೆಂ.ಮೀ. ಎತ್ತರ, 101.6 ಸೆಂ.ಮೀ. ಅಗಲ. "ಅದೇ ಅಳತೆ ಬೇಡ. ನಕಲು ನಕಲೆಂದೇ ಗೊತ್ತಾಗಬೇಕು" ಎಂದರು ನಮ್ಮ ಮೇಷ್ಟರು. 24 ಇಂಚು ಅಗಲ, 30 ಇಂಚು ಎತ್ತರದ ಕ್ಯಾನ್ವಾಸ್ ಬಿಗಿದುಕೊಂಡೆ. ಮುದ್ರಿತ ಚಿತ್ರದ ಮೇಲೆ ಪಾರದರ್ಶಕ ಹಾಳೆ ಇಟ್ಟು ಅರ್ಧ ಇಂಚಿನ ಚೌಕಗಳು, ಕ್ಯಾನ್ವಾಸಿನ ಮೇಲೆ ಒಂದೂವರೆ ಇಂಚಿನವು, ಚೌಕಕ್ಕೆ ಚೌಕ ನೋಡಿ ಮೂರು ಪಟ್ಟು ಹಿಗ್ಗಿಸಲು. ಬರ್ಂಟ್ ಅಂಬರ್ ಎಂಬ ಕಡುಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿಸಿ ಮೊದಲ ಪದರ ಬಳಿದೆ. ಮೇಲಿನ ಒಂದೊಂದು ಪದರಕ್ಕೂ ಅಗಸೆ ಎಣ್ಣೆ ಸ್ವಲ್ಪ ಹೆಚ್ಚಬೇಕು, ಇಲ್ಲವಾದರೆ ಮುಂದೆ ಬಣ್ಣ ಬಿರಿಯುತ್ತದೆ. ಉಡುಪಿನ ಕೆಂಪಿಗೆ ಮೊದಲು ಗಟ್ಟಿ ಕೆಂಪು ಹಚ್ಚಿ, ಅದು ಪೂರ್ತಿ ಒಣಗಿದ ಮೇಲೆ ಅಲಿಜರಿನ್ ಕ್ರಿಮ್ಸನ್ ಎಂಬ ಪಾರದರ್ಶಕ ಕಡುಗೆಂಪನ್ನು ಗಾಜಿನಂತೆ ತೆಳ್ಳಗೆ ಹರಡಿದಾಗ ಬಟ್ಟೆಗೆ ಆಳ ಬಂತು. ಆ ಮಧ್ಯಾಹ್ನದ ಸಂತೋಷ ಇವತ್ತಿಗೂ ನನ್ನಲ್ಲಿ ಹಸಿಯಾಗಿದೆ.

ಬೆಕ್ಕುಗಳಲ್ಲಿ ಮಾತ್ರ ಸೋತೆ. ಸಣ್ಣ ಕುಂಚ ಹಿಡಿದು ಒಂದೊಂದೇ ಕೂದಲು ಎಳೆದು ವಾರವಿಡೀ ಕುಳಿತೆ. ಮೇಷ್ಟರು ಬಂದು ನೋಡಿದರು. ಬಣ್ಣ ಬೆರೆಸುವ ಚಾಕು, ಪ್ಯಾಲೆಟ್ ನೈಫ್, ತೆಗೆದುಕೊಂಡು ಅಷ್ಟನ್ನೂ ಕೆರೆದುಬಿಟ್ಟರು.

"ಕೂದಲು ಬರೆದಿದ್ದೀಯ, ಬೆಕ್ಕನ್ನು ಬರೆದಿಲ್ಲ. ಅದು ಏನು ಮಾಡುತ್ತಿದೆ?"

"ಕೂತಿದೆ, ಸಾರ್."

"ನೋಡುತ್ತಿದೆ."

ಜೇಬಿನಿಂದ ಹೊಲಿಗೆ ದಾರ ತೆಗೆದು, ಒಂದು ತುದಿಯನ್ನು ಮುಂದಿನ ಬೆಕ್ಕಿನ ಕಣ್ಣಿದ್ದ ಜಾಗದಲ್ಲಿ, ಇನ್ನೊಂದನ್ನು ಹಕ್ಕಿಯ ಮೇಲೆ ಒತ್ತಿ ಹಿಡಿಯಲು ಹೇಳಿದರು. ಕಣ್ಣಿನ ಗೊಂಬೆ ಆ ದಾರದಿಂದ ಕೂದಲೆಳೆಯಷ್ಟು ಸರಿದರೂ ಹಕ್ಕಿಯ ಮೇಲಿನ ಅಪಾಯವೇ ಇಲ್ಲವಾಗುತ್ತದೆ. ಹುಡುಗನಿಗೆ ಆ ಅಪಾಯ ಗೊತ್ತಿಲ್ಲ. ಚಿತ್ರದ ಜೀವವೆಲ್ಲ ಇರುವುದು ಅಲ್ಲೇ ಎಂದು ನನಗೆ ಹೊಳೆದದ್ದು ಆಗ.

ಹೋಗುವಾಗ ತಿರುಗಿ ಕೇಳಿದರು: "ಎಷ್ಟು ಬೆಕ್ಕು?"

"ಎರಡು, ಸಾರ್."

"ಮತ್ತೆ ನೋಡು."

ಪುಸ್ತಕವನ್ನು ಕಿಟಕಿಯ ಬೆಳಕಿಗೆ ಒಯ್ದು ಓರೆ ಹಿಡಿದಾಗ ಕಂಡವು, ಕತ್ತಲೊಳಗೆ ಎರಡು ಕಣ್ಣುಗಳು. ತಿಂಗಳುಗಟ್ಟಲೆ ಆ ಪುಟವನ್ನು ಚೌಕ ಚೌಕವಾಗಿ ಅಳೆದಿದ್ದೆ, ಕರಿಯ ಬೆಕ್ಕನ್ನು ಕಂಡಿರಲಿಲ್ಲ. ಅದಕ್ಕೆ ಕೊಳವೆಯ ಕಪ್ಪು ಬಣ್ಣ ಮುಟ್ಟಗೊಡಲಿಲ್ಲ ಮೇಷ್ಟರು. ಅಲ್ಟ್ರಾಮರೀನ್ ನೀಲಿಗೆ ಅಂಬರ್ ಬೆರೆಸಿ, ಹಿನ್ನೆಲೆಯ ಕತ್ತಲಿಗಿಂತ ಒಂದು ಗುಲಗಂಜಿಯಷ್ಟು ಮಾತ್ರ ಬೇರೆಯಾಗುವಂತೆ ಮಾಡಿಸಿದರು.

ಹಕ್ಕಿಯ ಕೊಕ್ಕಿನಲ್ಲಿರುವ ಚೀಟಿಯಲ್ಲಿ ಗೋಯಾ ತನ್ನ ಹೆಸರನ್ನೇ ಬರೆದುಕೊಂಡಿದ್ದಾನೆ. ನನ್ನ ನಕಲಿನಲ್ಲಿ ಆ ಚೀಟಿ ಖಾಲಿ. ಅದು ಮೇಷ್ಟರ ಕಟ್ಟಪ್ಪಣೆ.

ಎಷ್ಟೋ ವರ್ಷಗಳ ನಂತರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಮೂಲದ ಎದುರು ನಿಂತೆ. ಹೊರಗಿನ ಮೊಗಸಾಲೆಗೆ ಬಂದು ಮೇಷ್ಟರಿಗೆ ಫೋನ್ ಮಾಡಿದೆ. ಅವರು ನಿವೃತ್ತರಾಗಿದ್ದರು, ಈ ಚಿತ್ರವನ್ನು ಪುಸ್ತಕದಲ್ಲಲ್ಲದೆ ಎಂದೂ ಕಂಡವರಲ್ಲ. ಕ್ಷೇಮ ಸಮಾಚಾರವನ್ನೂ ಕೇಳಲಿಲ್ಲ.

"ಕೊರಳ ಪಟ್ಟಿಯ ಲೇಸನ್ನು ಎಷ್ಟು ಗೀಟಿನಲ್ಲಿ ಮುಗಿಸಿದ್ದಾನೆ? ಎಣಿಸಿ ಹೇಳು" ಎಂದರು.

ನಾನು ಮತ್ತೆ ಒಳಗೆ ಹೋದೆ.