ನೀಲಿ-ಬಿಳಿ ಪಟ್ಟೆಯವರ ಶನಿವಾರ

ಆಸ್ಟ್ರೇಲಿಯನ್ ಫುಟ್‌ಬಾಲ್ ಪಂದ್ಯದಲ್ಲಿ ಇವತ್ತೂ ಸೋತೆವು. ಮೂರನೆಯ ಕ್ವಾರ್ಟರ್‌ವರೆಗೆ ಕೈಗೆಟುಕುವಂತಿದ್ದ ಪಂದ್ಯ ಕೊನೆಯಲ್ಲಿ ಕೈಜಾರಿತು. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಅಂಕ, ಅತ್ತಿತ್ತ ಸರಿದರೆ ಒಂದೇ ಒಂದು. ನಮ್ಮ ಹುಡುಗರಿಗೆ ಇಂದು ಆ ಒಂದೊಂದೇ ಅಂಕ ದಕ್ಕಿದ್ದು.

ಮೆಲ್ಬರ್ನ್‌ಗೆ ಬಂದಾಗಿನಿಂದ ನಾನು ನಾರ್ತ್ ಮೆಲ್ಬರ್ನ್ ತಂಡದ ಅಭಿಮಾನಿ. ಪುರುಷರ ತಂಡಕ್ಕೆ 1999ರ ನಂತರ ಪ್ರಶಸ್ತಿಯಿಲ್ಲ. 2021 ಮತ್ತು 2022ರಲ್ಲಿ ಲೀಗ್ ಅಂಕಪಟ್ಟಿಯ ತಳ. ನಮ್ಮ ಮಹಿಳೆಯರು ಮಾತ್ರ 2024ರಲ್ಲಿ ಒಂದೂ ಪಂದ್ಯ ಸೋಲದೆ ಕಪ್ ಎತ್ತಿದರು, ಅದನ್ನು ನೆನೆದರೆ ಈಗಲೂ ಎದೆಯುಬ್ಬುತ್ತದೆ.

ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಅವರ ಉಣ್ಣೆಯ ಸ್ಕಾರ್ಫ್‌ನ ಅಂಚು ಹರಿದಿತ್ತು, ಬೇರೆಯದೇ ನೀಲಿ ದಾರದಲ್ಲಿ ಹೊಲಿಗೆ ಹಾಕಿದ್ದರು. ಎಳೆಯ ಆಟಗಾರನೊಬ್ಬ ಸುಲಭದ ಕ್ಯಾಚ್ ಕೈಬಿಟ್ಟಾಗ ಸುತ್ತಲಿನವರು ಗೊಣಗಿದರು. ಅಜ್ಜಿ ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹತ್ತು ನಿಮಿಷದಲ್ಲಿ ಅದೇ ಹುಡುಗ ಮೂವರ ಮೇಲೆ ಹಾರಿ ಚೆಂಡು ಹಿಡಿದ! ಸ್ಕೋರ್ ಮರೆತುಹೋಗಬಹುದು, ಆ ನೆಗೆತ ಮರೆಯುವುದಿಲ್ಲ. ಗೆಲ್ಲುವ ತಂಡದ ಬೆನ್ನು ಹತ್ತಿದ್ದರೆ ಒಬ್ಬೊಬ್ಬ ಆಟಗಾರನನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದೆನೋ ಇಲ್ಲವೋ.

ಮುಂದಿನ ಶನಿವಾರದ ಟಿಕೆಟ್ ತೆಗೆದಾಗಿದೆ. ಈ ಕಡೆಯ ಕನ್ನಡಿಗರು ಯಾರಾದರೂ ಬರುವುದಿದ್ದರೆ ತಿಳಿಸಿ, ಸದರ್ನ್ ಕ್ರಾಸ್ ನಿಲ್ದಾಣದಲ್ಲಿ ಸೇರಿ ಒಟ್ಟಿಗೆ ನಡೆದು ಹೋಗೋಣ.